ಭಕ್ಷಕವೂ ಭೇಷಜವೂ

1945ನೆಯ ಇಸವಿಯು ವೈದ್ಯವಿದ್ಯೆಯ ಚರಿತ್ರೆಯಲ್ಲಿ ಜಯಘೋಷದ ವರ್ಷವೆಂದು ಗಣ್ಯವಾಗಿದೆ. ಬೂಷ್ಟಿನಿಂದ ಹುಟ್ಟಿದ ಪೆನಿಸಿಲಿನ್ ಎಂಬ ಭೇಷಜವು ಯುದ್ಧಭೂಮಿಯ ಗಾಯಾಳುಗಳನ್ನು ಸಾವಿರಗಟ್ಟಲೆಯಾಗಿ ಬದುಕಿಸಿ, ಶಾಂತಿಕಾಲದ ಆಸ್ಪತ್ರೆಗಳಿಗೂ ಔಷಧದ ಅಂಗಡಿಗಳಿಗೂ ಆಗತಾನೆ ಕಾಲಿಡುತ್ತಿದ್ದಿತು. ಅದನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್, ಅದನ್ನು ಔಷಧದ ರೂಪಕ್ಕೆ ತಂದ ಫ್ಲೋರಿ ಮತ್ತು ಚೈನ್, ಈ ಮೂವರಿಗೂ ನೊಬೆಲ್ ಪಾರಿತೋಷಕವು ಆ ವರ್ಷವೇ ಸಂದಿತು. ಡಿಸೆಂಬರ್ ತಿಂಗಳಿನಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಮಾಡಿದ ಪಾರಿತೋಷಕದ ಭಾಷಣದಲ್ಲಿ ಫ್ಲೆಮಿಂಗ್ ಅವರು, ಸಾಲದ ಪ್ರಮಾಣದಲ್ಲಿ ಪೆನಿಸಿಲಿನ್ ಸೇವಿಸಿದರೆ ರೋಗಾಣುಗಳು ಸಾಯುವುದಕ್ಕೆ ಬದಲಾಗಿ ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಗಳಿಸಿಕೊಳ್ಳುತ್ತವೆಂದೂ, ಅಂಗಡಿಯಲ್ಲಿ ಕೊಂಡು ತಂದು ಮನಬಂದಂತೆ ನುಂಗುವ ಕಾಲವು ಬಂದರೆ ಈ ಅಪಾಯವು ತಪ್ಪದೆಂದೂ ಎಚ್ಚರಿಕೆಯ ನುಡಿಯನ್ನಾಡಿದರು. ಅದೇ ವರ್ಷ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಿಮೆಲ್‌ವೈಟ್ ಎಂಬ ವಿಜ್ಞಾನಿಯ ಕಿರುಲೇಖನವೊಂದು ಅಚ್ಚಾಗಿದ್ದಿತು. ಕುರು, ಬಾವು, ಕೀವುಗಳಿಗೆ ಕಾರಣವಾದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ಮೇಲೆ ಪೆನಿಸಿಲಿನ್ನನ್ನೂ, ಬ್ಯಾಕ್ಟೀರಿಯಾಗಳನ್ನೇ ಭಕ್ಷಿಸಿ ಬಾಳುವ ಬ್ಯಾಕ್ಟೀರಿಯೋಫೇಜ್ ಎಂಬ ವೈರಸ್ಸನ್ನೂ ಒಟ್ಟಿಗೆ ಪ್ರಯೋಗಿಸಿದಾಗ ಆಗುವ ಸಂಯುಕ್ತ ಪರಿಣಾಮವೇ ಅದರ ವಿಷಯ. ಬರಲಿರುವ ವ್ಯಾಧಿಯನ್ನು ಮುಂಗಂಡ ಮಾತೂ, ಅದರ ಪರಿಹಾರಕ್ಕೆ ದಾರಿಯಾಗಬಹುದಾಗಿದ್ದ ಪ್ರಯೋಗವೂ ಒಂದೇ ವರ್ಷದಲ್ಲಿ ಲೋಕದ ಮುಂದೆ ಬಂದುವು. ಅವೆರಡನ್ನೂ ಒಂದೆಡೆಯಲ್ಲಿಟ್ಟು ನೋಡುವುದಕ್ಕೆ ಅರುವತ್ತು ವರ್ಷಗಳು ಬೇಕಾದುವೆಂಬುದು ವೈದ್ಯಚರಿತ್ರೆಯ ಬಹು ದೊಡ್ಡ ದುಃಖಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

ಫೇಜ್ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಈ ವೈರಸ್ಸು ಬರಿಯ ಕಣ್ಣಿಗಾಗಲಿ ಸಾಮಾನ್ಯವಾದ ಸೂಕ್ಷ್ಮದರ್ಶಕಕ್ಕಾಗಲಿ ಗೋಚರವಾಗುವುದಲ್ಲ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ತನಗೆ ಗೊತ್ತಾದ ಒಂದು ಅಣುವನ್ನು ಹಿಡಿದು ಅದು ನೆಲೆಗೊಳ್ಳುತ್ತದೆ. ತನ್ನ ವಂಶದ್ರವ್ಯವನ್ನು ಒಳಕ್ಕೆ ಸೇರಿಸಿ, ಆ ಜೀವಕೋಶದ ಸಮಸ್ತ ಸಾಮಗ್ರಿಯನ್ನೂ ತನ್ನ ಸಂತಾನದ ನಿರ್ಮಾಣಕ್ಕೆ ತೊಡಗಿಸುತ್ತದೆ. ಅನೇಕ ಫೇಜುಗಳಲ್ಲಿ ಅರ್ಧ ಗಂಟೆಯ ಆಸುಪಾಸಿಗೆಲ್ಲ ಹತ್ತಾರೋ ನೂರಾರೋ ಮರಿಗಳು ಕೋಶದ ಗೋಡೆಯನ್ನು ಒಡೆದುಕೊಂಡು ಹೊರಬೀಳುತ್ತವೆ. ಇದು ಮನುಷ್ಯನ ಜೀವಕೋಶಗಳ ತಂಟೆಗೆ ಹೋಗುವುದಿಲ್ಲ. ಅಷ್ಟೇ ಅಲ್ಲ, ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜು ಇನ್ನೊಂದು ಜಾತಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಕೆಲವು ವೇಳೆ ಒಂದೇ ಜಾತಿಯ ಒಂದು ತಳಿಯನ್ನು ಕೊಂದದ್ದು ಮತ್ತೊಂದು ತಳಿಯನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಈ ಕಟ್ಟುನಿಟ್ಟಾದ ಆಯ್ಕೆಯೇ ಅದರ ಗುಣ. ಚಿಕಿತ್ಸೆಯ ಇತಿಹಾಸದಲ್ಲಿ ಬಹುಕಾಲ ಅದೇ ಅದರ ಹಗೆಯೂ ಆಯಿತು.

ಗಂಗೆ ಯಮುನೆಗಳ ನೀರಿನಲ್ಲಿ ಕಾಲರಾ ರೋಗಾಣುಗಳನ್ನು ಅಳಿಸುವ ಶಕ್ತಿಯಿದೆಯೆಂದೂ, ಕುದಿಸಿದರೆ ಆ ಶಕ್ತಿಯು ನಷ್ಟವಾಗುತ್ತದೆಂದೂ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿ 1896ರಲ್ಲಿಯೇ ಬರೆದಿದ್ದರು. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್, ಬ್ಯಾಕ್ಟೀರಿಯಾದ ಬೆಳೆಯು ಕರಗಿ ಗಾಜಿನಂತೆ ಪಾರದರ್ಶಕವಾಗುವುದನ್ನು ಕಂಡು ವರದಿಮಾಡಿದರು. ಆದರೆ ಕಾರಣವಿಂಥದೆಂದು ನಿಶ್ಚಯಿಸಿ ಹೇಳಲಿಲ್ಲ, ಯುದ್ಧದ ಗಡಿಬಿಡಿಯಲ್ಲಿ ಕೆಲಸವನ್ನು ಮುಂದುವರಿಸಲೂ ಆಗಲಿಲ್ಲ. ನಿಶ್ಚಯಿಸಿ ಹೇಳುವ ಧೈರ್ಯವಿದ್ದವರು ಫೆಲಿಕ್ಸ್ ಡೆರೆಲ್. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದ, ಸೂಕ್ಷ್ಮಜೀವಿಶಾಸ್ತ್ರವನ್ನು ಬಹುಮಟ್ಟಿಗೆ ತಾವಾಗಿಯೇ ಕಲಿತಿದ್ದ ಇವರು, ಯುದ್ಧದ ಕಾಲದಲ್ಲಿ ಸೈನಿಕರ ನಡುವೆ ಹಬ್ಬಿದ ರಕ್ತಭೇದಿಯನ್ನು ಪರಿಶೀಲಿಸಲು ನಿಯುಕ್ತರಾಗಿದ್ದರು.

ಡೆರೆಲ್ ಅವರು ಮುಂದೆ ಬರೆದಿಟ್ಟ ಪ್ರಕಾರ ಆ ಪ್ರಯೋಗದ ಕ್ರಮ ಹೀಗಿದ್ದಿತು. ರಕ್ತಭೇದಿಯಿಂದ ನರಳುತ್ತಿದ್ದ ರೋಗಿಯೊಬ್ಬನ ಮಲದ ಕೆಲವು ಹನಿಗಳನ್ನು ಪ್ರತಿದಿನವೂ ತಂದು, ದ್ರವದಲ್ಲಿ ಕದಡಿ, ಬ್ಯಾಕ್ಟೀರಿಯಾಗಳು ಹಾಯಲಾರದಷ್ಟು ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ಶೋಧಕದಲ್ಲಿ ಅವರು ಸೋಸುತ್ತಿದ್ದರು. ಮೊದಲನೆಯ ದಿನ ಅದೇ ರೋಗಿಯಿಂದ ಬೇರ್ಪಡಿಸಿ ಮಾಂಸದ ಸಾರಿನಲ್ಲಿ ಬೆಳೆಸಿದ್ದ ರೋಗಾಣುಗಳಿಗೆ ಆ ಸೋಸಿದ ನೀರಿನ ಹನಿಯೊಂದನ್ನು ಬೆರೆಸಿ, ರಾತ್ರಿಯೆಲ್ಲ ಕಾವುಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮೊದಲ ಮೂರು ದಿನ ಏನೂ ಆಗಲಿಲ್ಲ. ಬೆಳಗ್ಗೆ ನೋಡಿದರೆ ಸಾರು ರೋಗಾಣುಗಳ ಸಂದಣಿಯಿಂದ ಎಂದಿನಂತೆಯೇ ಬಗ್ಗಡವಾಗಿರುತ್ತಿದ್ದಿತು. ನಾಲ್ಕನೆಯ ದಿನದ ಪ್ರಯೋಗದ ಮರುಬೆಳಗ್ಗೆ ಪೆಟ್ಟಿಗೆಯನ್ನು ತೆರೆದಾಗ, ಹಿಂದಿನ ಸಂಜೆ ಬಗ್ಗಡವಾಗಿದ್ದ ಸಾರು ತಿಳಿಯಾಗಿದ್ದಿತು. ಅದೇ ಸಾರಿನ ಹನಿಯನ್ನು ಸವರಿಟ್ಟಿದ್ದ ಅಗರ್ ಎಂಬ ಲೋಳೆಯ ತಟ್ಟೆಯ ಮೇಲೆ ಒಂದು ರೋಗಾಣುವಿನ ಬೆಳೆಯೂ ಇರಲಿಲ್ಲ. ಸೀಸೆಯಲ್ಲಿ ನಡೆದದ್ದು ರೋಗಿಯ ಕರುಳಿನಲ್ಲಿಯೂ ನಡೆದಿರಬೇಕೆಂಬ ಊಹೆಯು ಅವರಿಗೆ ಥಟ್ಟನೆ ಹೊಳೆಯಿತು. ಆಸ್ಪತ್ರೆಗೆ ಧಾವಿಸಿ ನೋಡಿದರೆ ರೋಗಿಯು ರಾತ್ರಿಯಲ್ಲಿಯೇ ಚೇತರಿಸಿಕೊಳ್ಳಲು ತೊಡಗಿದ್ದನು. 1917ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿತವಾದ ಟಿಪ್ಪಣಿಯಲ್ಲಿ ಡೆರೆಲ್ ಇದನ್ನು ರಕ್ತಭೇದಿಯ ರೋಗಾಣುವಿಗೆ ವಿರೋಧಿಯಾದ, ಕಣ್ಣಿಗೆ ಕಾಣದ ಜೀವಿಯೆಂದು ಸಾರಿದರು.

1919ರ ಬೇಸಗೆಯಲ್ಲಿ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಈ ಅರಿವು ಚಿಕಿತ್ಸೆಯಾಯಿತು. ಆಗ ಔಷಧನಿಯಂತ್ರಣದ ಇಂದಿನ ಕಾಯಿದೆಗಳೊಂದೂ ಇರಲಿಲ್ಲವಾಗಿ, ಡೆರೆಲ್ ಅವರೂ, ಆಸ್ಪತ್ರೆಯ ಮುಖ್ಯವೈದ್ಯರಾದ ಹ್ಯುಟಿನೆಲ್ ಅವರೂ, ಕೆಲವರು ಕಿರಿಯ ವೈದ್ಯರೂ ಮೊದಲು ತಾವೇ ಆ ಫೇಜಿನ ದ್ರವವನ್ನು ಕುಡಿದು ನೋಡಿ, ಕೆಡುಕಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆಯೇ ರಕ್ತಭೇದಿಯಿಂದ ಸಾಯುವ ಸ್ಥಿತಿಯಲ್ಲಿದ್ದ 12 ವರ್ಷದ ಹುಡುಗನಿಗೆ ಕೊಟ್ಟರು. ಒಂದೇ ಸಲದ ಔಷಧದಿಂದ ಅವನು ಗುಣಹೊಂದಿದನು. ರೋಗಿಗೆ ಕೊಡುವುದನ್ನು ಮೊದಲು ತಾನು ಕುಡಿಯುವ ವೈದ್ಯನಿಗೆ ನಾವು ತೋರಬೇಕಾದ ಗೌರವ ಅಲ್ಪವಾದುದಲ್ಲ. 1925ರಲ್ಲಿ, ಅಲೆಗ್ಸಾಂಡ್ರಿಯಾದಲ್ಲಿದ್ದಾಗ, ಹಡಗಿನಲ್ಲಿ ಬಂದ ನಾಲ್ವರು ಪ್ಲೇಗು ರೋಗಿಗಳ ಗಂಟುಗಳೊಳಕ್ಕೆ ಡೆರೆಲ್ ಫೇಜನ್ನು ಚುಚ್ಚಿದರು, ನಾಲ್ವರೂ ಬದುಕಿದರು. ಆಮೇಲೆ ಆಂಗ್ಲ ಸರಕಾರದ ಕರೆಯ ಮೇರೆಗೆ ಭಾರತಕ್ಕೆ ಬಂದು, ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಿಂದ ಮೊದಲುಗೊಂಡು ಪಂಜಾಬಿನ ಹಳ್ಳಿಗಳವರೆಗೂ ಕಾಲರಾದ ಮೇಲೆ ಫೇಜನ್ನು ಪ್ರಯೋಗಿಸಿದರು. ಹಳ್ಳಿಯ ಬಾವಿಗಳಿಗೂ ಅದನ್ನು ಸುರಿಸಿದರು. ಪಟ್ನಾದಲ್ಲಿ ಅಶೆಶೋವ್, ಅಸ್ಸಾಮಿನಲ್ಲಿ ಮಾರಿಸನ್ ಈ ಕೆಲಸವನ್ನು ವರ್ಷಾನುಗಟ್ಟಲೆ ಮುಂದುವರಿಸಿದರು.

ಇಷ್ಟೆಲ್ಲ ಆಗಿಯೂ ಪಶ್ಚಿಮದೇಶಗಳಲ್ಲಿ ಫೇಜಿನ ಮಾನವು ಕುಸಿಯಿತು. ವ್ಯಾಪಾರಿಗಳು ಇದರ ಮೇಲೆ ಮುಗಿಬಿದ್ದುದೇ ಮೊದಲನೆಯ ಕಾರಣ. ಯಾವ ರೋಗಿಯ ಬ್ಯಾಕ್ಟೀರಿಯಾಕ್ಕೆ ಯಾವ ಫೇಜು ಹೊಂದುವುದೆಂದು ಪರೀಕ್ಷಿಸದೆ, ಎಲ್ಲ ಹುಣ್ಣಿಗೂ ಎಲ್ಲ ಬೇನೆಗೂ ಒಂದೇ ಸೀಸೆಯನ್ನು ಮಾರತೊಡಗಿದರು. ಕೆಡದಿರಲೆಂದು ಬೆರೆಸಿದ ರಾಸಾಯನಿಕಗಳು ಒಳಗಿನ ಫೇಜನ್ನೇ ಕೊಂದುಹಾಕಿದ ಸೀಸೆಗಳೂ ಉಂಟು. ಚಿಕಿತ್ಸೆ ಪಡೆದವರ ಜೊತೆಗೆ ಪಡೆಯದವರನ್ನು ಹೋಲಿಸಿ ನೋಡುವ ಪದ್ಧತಿಯು ಡೆರೆಲ್ ಅವರ ಅನುಯಾಯಿಗಳಲ್ಲಿ ಅನೇಕರಿಗೆ ರೂಢಿಯಿರಲಿಲ್ಲ. ಅಮೆರಿಕದ ವೈದ್ಯಸಂಘದ ಪರವಾಗಿ ಈಟನ್ ಮತ್ತು ಬೇನ್-ಜೋನ್ಸ್ ಎಂಬಿಬ್ಬರು 1934ರಲ್ಲಿ ಪ್ರಕಟಿಸಿದ ಸುದೀರ್ಘ ವಿಮರ್ಶೆಯು, ಫೇಜು ಜೀವಿಯೇ ಅಲ್ಲವೆಂದೂ, ಅದರ ಗುಣವು ಕೆಲವೇ ರೋಗಗಳ ಹೊರತು ಸಿದ್ಧವಾಗಿಲ್ಲವೆಂದೂ ತೀರ್ಪಿತ್ತಿತು. ಚಿಕಿತ್ಸೆಯ ಸಾಕ್ಷ್ಯವನ್ನು ಕುರಿತು ಅವರ ತೀರ್ಪು ಅನ್ಯಾಯವಾದುದಲ್ಲ. ಫೇಜಿನ ಸ್ವರೂಪವನ್ನು ಕುರಿತು ಅವರು ಎಡವಿದರೆಂಬುದನ್ನು ಐದಾರು ವರ್ಷಗಳ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ತೋರಿಸಿಕೊಟ್ಟಿತು.

ಅತ್ತ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಬೇರೊಂದು ಕಥೆ ನಡೆದಿದ್ದಿತು. ಪ್ಯಾರಿಸಿನಲ್ಲಿ ಡೆರೆಲ್ ಅವರ ಸಂಗಡ ಕೆಲಸಮಾಡಿ ಅವರ ಸ್ನೇಹವನ್ನು ಗಳಿಸಿದ್ದ ಗಿಯೋರ್ಗಿ ಎಲಿಯಾವಾ ಅವರು 1923ರಲ್ಲಿ ಆ ನಗರದಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದ್ದರು. 1933–34ರಲ್ಲಿ ಡೆರೆಲ್ ಅಲ್ಲಿಗೆ ಹೋಗಿ ಕೆಲಸಮಾಡಿದರು. ಅಲ್ಲಿಯೇ ನೆಲಸುವ ಆಸೆಯೂ ಅವರಿಗಿದ್ದಿತು, ಸಂಸ್ಥೆಯ ಆವರಣದಲ್ಲಿ ಅವರಿಗೋಸ್ಕರ ಮನೆಯೊಂದು ಎದ್ದಿತು. ಆದರೆ 1937ರಲ್ಲಿ ಸ್ಟಾಲಿನ್ನನ ಆಳ್ವಿಕೆಯ ಗುಪ್ತಪೊಲೀಸರು ಎಲಿಯಾವಾ ಅವರನ್ನು ಜನದ್ರೋಹಿಯೆಂದು ಹೆಸರಿಟ್ಟು ಗುಂಡಿಟ್ಟು ಕೊಂದರು. ಅವರ ಪತ್ನಿಯನ್ನೂ ಉಳಿಸಲಿಲ್ಲ. ಡೆರೆಲ್ ಮತ್ತೆ ಆ ನಾಡಿಗೆ ಕಾಲಿಡಲಿಲ್ಲ. ಗುರುವನ್ನು ಕಳೆದುಕೊಂಡ ಆ ಸಂಸ್ಥೆಯು ಮಾತ್ರ ಮುಚ್ಚಲಿಲ್ಲವೆಂಬುದು, ಆ ಕರಾಳ ವರ್ಷಗಳಲ್ಲಿ ಪ್ರಯೋಗಶಾಲೆಯ ಮೇಜುಗಳನ್ನು ಬಿಡದೆ ಹಿಡಿದು ಕುಳಿತ ಹೆಸರಿಲ್ಲದ ಕೆಲಸಗಾರರ ನಿಷ್ಠೆಗೆ ಸಾಕ್ಷಿ. 1963–64ರಲ್ಲಿ ಟಿಬಿಲಿಸಿಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ 30,769 ಮಕ್ಕಳನ್ನು ಗಮನಿಸಲಾಯಿತು: ಬೀದಿಯ ಒಂದು ಮಗ್ಗುಲಿನ ಮನೆಗಳ ಮಕ್ಕಳಿಗೆ ರಕ್ತಭೇದಿಯ ಫೇಜನ್ನು ಕೊಟ್ಟು, ಎದುರು ಮಗ್ಗುಲಿನವರಿಗೆ ಕೊಡದೆ ಬಿಟ್ಟರು, ಪಡೆದವರಲ್ಲಿ ಸಾವಿರಕ್ಕೆ 1.76 ಮಂದಿಗೆ ರೋಗ ತಗುಲಿದರೆ ಪಡೆಯದವರಲ್ಲಿ 6.7 ಮಂದಿಗೆ ತಗುಲಿತು. ಈ ಫಲವು ರಷ್ಯನ್ ಭಾಷೆಯಲ್ಲಿ ಅಚ್ಚಾಯಿತು. ಶೀತಲಸಮರದ ಆಚೆಗಿನ ವೈದ್ಯರು ಅದನ್ನು ಓದಲೂ ಇಲ್ಲ, ಓದಿದ ಕೆಲವರು ನಂಬಲೂ ಇಲ್ಲ.

ಹೀಗೆ ಒಂದು ಅಸ್ತ್ರವು ಪೂರ್ವಕ್ಕೂ ಮತ್ತೊಂದು ಪಶ್ಚಿಮಕ್ಕೂ ಸೇರಿಹೋದುವು. ಪಶ್ಚಿಮದ ವೈದ್ಯರು ಪೆನಿಸಿಲಿನ್ನನ್ನು ನೆಚ್ಚಿದ್ದು ಸಹಜವೇ ಆಗಿದ್ದಿತು. ಬ್ಯಾಕ್ಟೀರಿಯಾದ ಕುಲಗೋತ್ರವನ್ನು ವಿಚಾರಿಸದೆಯೂ ಕೊಡಬಹುದಾದ, ಪುಡಿಯ ರೂಪದಲ್ಲಿ ಸಾಗಿಸಬಹುದಾದ, ನ್ಯುಮೋನಿಯಾದ ರೋಗಿಯನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ ಕೂರಿಸಬಲ್ಲ ಭೇಷಜವು ಕೈಯಲ್ಲಿರುವಾಗ, ರೋಗಿಗೊಂದು ಫೇಜನ್ನು ಹುಡುಕುವ ಶ್ರಮವನ್ನು ಯಾರು ತಾನೆ ವಹಿಸಿಯಾರು! ಆದರೆ ಆ ಸುಲಭತೆಗೆ ತೆತ್ತ ಬೆಲೆ ಘೋರವಾದುದು. 1950ರ ದಶಕದ ಹೊತ್ತಿಗೆ ಆಸ್ಪತ್ರೆಗಳ ಸ್ಟ್ಯಾಫಿಲೋಕಾಕಸ್ಸುಗಳಲ್ಲಿ ಬಹುಪಾಲು ಪೆನಿಸಿಲಿನ್ನಿಗೆ ಬಗ್ಗದಾದುವು. ಅವನ್ನು ಬಗ್ಗಿಸಲೆಂದು ಬಂದ ಮೆಥಿಸಿಲಿನ್ನಿಗೆ ಜಗ್ಗದ ತಳಿಗಳು 1961ರಲ್ಲಿ ಇಂಗ್ಲೆಂಡಿನಲ್ಲಿ ವರದಿಯಾದುವು. ಆಮೇಲಿನದು ಹೊಸ ಔಷಧ, ಹೊಸ ನಿರೋಧ, ಮತ್ತೆ ಹೊಸ ಔಷಧ. 2019ರ ಒಂದೇ ವರ್ಷದಲ್ಲಿ ಲೋಕದಲ್ಲಿ 12.7 ಲಕ್ಷ ಜನರ ಸಾವಿಗೆ ಔಷಧನಿರೋಧವೇ ನೇರ ಕಾರಣವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಈ ನಿರೋಧವು ಹುಟ್ಟುವ ಬಗೆಯು ತಿಳಿದದ್ದೂ ಫೇಜಿನ ಮೂಲಕವೇ. ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬಿಬ್ಬರು 1943ರಲ್ಲಿ, ಫೇಜಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಫೇಜಿನ ಸಂಪರ್ಕದಿಂದ ಹುಟ್ಟುವುವಲ್ಲ, ಸಂಪರ್ಕಕ್ಕೆ ಮೊದಲೇ ಆಕಸ್ಮಿಕವಾದ ಆನುವಂಶಿಕ ಮಾರ್ಪಾಡಿನಿಂದ ಹುಟ್ಟಿ ಸಂದಣಿಯಲ್ಲಿ ಅಡಗಿರುವುವೆಂದು ಸಾಧಿಸಿ ತೋರಿಸಿದರು. ಅಂಥದು ಕೋಟಿಗೊಂದು ಇರುವುದೆಂದೂ, ಔಷಧವೊಂದಕ್ಕೆ ಬಗ್ಗದ್ದು ಬೇರೆ ಕೋಟಿಗೊಂದು ಇರುವುದೆಂದೂ ಭಾವಿಸೋಣ. ಎರಡರ ಹೊಡೆತವನ್ನೂ ಏಕಕಾಲದಲ್ಲಿ ತಾಳಬಲ್ಲದ್ದು ಕೋಟಿಯ ಕೋಟಿಗೊಂದೇ ಆದೀತು. ಜೋಡಿ ಚಿಕಿತ್ಸೆಯ ತರ್ಕದ ಮೊದಲ ಮೆಟ್ಟಲು ಇದು. ಎರಡನೆಯ ಮೆಟ್ಟಲು ಇದಕ್ಕಿಂತಲೂ ಸ್ವಾರಸ್ಯವುಳ್ಳದ್ದು. ಅದನ್ನು ಸ್ಪಷ್ಟವಾಗಿ ತೋರಿದವರು ಇಂಗ್ಲೆಂಡಿನ ಪಶುವೈದ್ಯ ವಿಲಿಯಮ್ಸ್ ಸ್ಮಿತ್ ಮತ್ತು ಅವರ ಸಹೋದ್ಯೋಗಿ ಹಗ್ಗಿನ್ಸ್. 1982ರಲ್ಲಿ ಅವರು, ಮಿದುಳಿನ ಪೊರೆಯ ಉರಿಯೂತದಿಂದ ಬಳಲಿದ್ದ ಮಗುವಿನಿಂದ ಪಡೆದ ಇ-ಕೋಲೈ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಚುಚ್ಚಿ, ಆ ಬ್ಯಾಕ್ಟೀರಿಯಾದ ಕವಚವನ್ನೇ ಹಿಡಿಯುವ ಫೇಜನ್ನು ಒಂದು ಸಲ ಕೊಟ್ಟುದರಿಂದ ಆದ ಗುಣವು ಅನೇಕ ಪ್ರತಿಜೈವಿಕಗಳನ್ನು ಹಲವು ಸಲ ಕೊಟ್ಟುದಕ್ಕಿಂತ ಮಿಗಿಲೆಂದು ಕಂಡರು. ಫೇಜಿನಿಂದ ತಪ್ಪಿಸಿಕೊಂಡ ಕೆಲವು ಬ್ಯಾಕ್ಟೀರಿಯಾಗಳು ಇದ್ದೇ ಇದ್ದುವು; ಆದರೆ ಅವು ತಪ್ಪಿಸಿಕೊಂಡದ್ದು ಆ ಕವಚವನ್ನು ಕಳಚಿಹಾಕಿ, ಮತ್ತು ಕವಚವಿಲ್ಲದವಕ್ಕೆ ರೋಗವನ್ನುಂಟುಮಾಡುವ ಬಲವು ಬಹಳವಾಗಿ ಕುಗ್ಗಿದ್ದಿತು. ಬ್ಯಾಕ್ಟೀರಿಯಾವು ಫೇಜಿನಿಂದ ಪಾರಾಗಲು ಏನನ್ನಾದರೂ ತೆರಲೇಬೇಕು. ಆ ತೆರಿಗೆ ಏನೆಂಬುದನ್ನು ನಾವು ಆರಿಸಬಲ್ಲೆವೆ ಎಂಬುದೇ ಮುಂದಿನ ಪ್ರಶ್ನೆಯಾಯಿತು.

ಉತ್ತರಕ್ಕೆ ಮೊದಲು ಫ್ರಾನ್ಸಿನ ಟುಲೂಸ್ ನಗರದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಶೋಧವನ್ನು ಹೇಳಬೇಕು. ಬ್ಯಾಕ್ಟೀರಿಯಾವನ್ನು ಹರಡಿದ ಅಗರ್ ತಟ್ಟೆಯ ಮೇಲೆ ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟು ಪರೀಕ್ಷಿಸುವುದು ಪ್ರಯೋಗಶಾಲೆಗಳಲ್ಲಿ ನಿತ್ಯದ ಕೆಲಸ. ಕೋಮೋ, ಕ್ರಿಶ್ ಮತ್ತು ಅವರ ಸಂಗಡಿಗರು, ಅಂಥ ತಟ್ಟೆಯಲ್ಲಿ ಫೇಜುಗಳೂ ಇದ್ದಾಗ, ಬಿಲ್ಲೆಯ ಔಷಧವು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಕೇವಲ ಪೀಡಿಸುವಷ್ಟು ತೆಳುವಾಗಿ ಹಬ್ಬಿದ ಅಂಚಿನಲ್ಲಿ ಫೇಜು ಬ್ಯಾಕ್ಟೀರಿಯಾವನ್ನು ಕರಗಿಸಿ ಮಾಡಿದ ತಿಳಿಚುಕ್ಕೆಗಳು ಬೇರೆಡೆಗಿಂತ ದೊಡ್ಡವಾಗಿರುವುದನ್ನು ಗಮನಿಸಿದರು. ಪೆನಿಸಿಲಿನ್ನಿನ ಕುಲದ ಔಷಧಗಳು ಅಲ್ಪಪ್ರಮಾಣದಲ್ಲಿದ್ದಾಗ ಬ್ಯಾಕ್ಟೀರಿಯಾವು ಬೆಳೆಯುತ್ತಲೇ ಇರುತ್ತದೆ, ಇಬ್ಭಾಗವಾಗಲಾರದು. ಆದಕಾರಣ ಎಳೆಯಂತೆ ಉದ್ದವಾಗುತ್ತದೆ. ಆ ಉದ್ದನೆಯ ಒಡಲಿನಲ್ಲಿ ಫೇಜಿನ ಸಂತಾನಕ್ಕೆ ಸಾಮಗ್ರಿಯೂ ಹೆಚ್ಚು, ಅದರ ಗೋಡೆಯು ಒಡೆಯುವುದೂ ಬೇಗ. ಸೆಫೋಟಾಕ್ಸಿಮ್ ಎಂಬ ಔಷಧದ ಸನ್ನಿಧಿಯಲ್ಲಿ ಒಂದು ಫೇಜಿನ ಉತ್ಪತ್ತಿಯು ಏಳು ಪಟ್ಟಿಗೂ ಮೀರಿತು. 1945ರ ಕಿರುಲೇಖನದ ಬೀಜಕ್ಕೆ ಇಲ್ಲಿ ಕಾರಣಸಹಿತವಾದ ವಿವರಣೆ ದೊರೆಯಿತು.

ತೆರಿಗೆಯನ್ನು ಆರಿಸುವ ಪ್ರಶ್ನೆಗೆ ಉತ್ತರ ದೊರೆತದ್ದು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಡಾಡ್ಜ್ ಪಾಂಡ್ ಎಂಬ ಕೊಳದ ನೀರಿನಿಂದ. ಸ್ಯೂಡೋಮೊನಾಸ್ ಎಂಬ ಮೊಂಡ ಬ್ಯಾಕ್ಟೀರಿಯಾದ ಮೈಯಲ್ಲಿ ಕೆಲವು ಪಂಪುಗಳಿವೆ. ಸೋರುವ ದೋಣಿಯಲ್ಲಿ ಕುಳಿತು ಒಳನುಗ್ಗಿದ ನೀರನ್ನು ಬಿಡುವಿಲ್ಲದೆ ಮೊಗೆದು ಹೊರಚೆಲ್ಲುವ ಅಂಬಿಗನಂತೆ, ಅವು ಒಳಬಂದ ಔಷಧವನ್ನು ಹೊರದಬ್ಬುತ್ತಿರುತ್ತವೆ. ಯೇಲ್ ವಿಶ್ವವಿದ್ಯಾನಿಲಯದ ಬೆಂಜಮಿನ್ ಚಾನ್ ಮತ್ತು ಪಾಲ್ ಟರ್ನರ್ ಅವರು, ಆ ಪಂಪಿನ ಹೊರತುದಿಯನ್ನೇ ಹಿಡಿದು ಒಳಹೊಗುವ ಫೇಜೊಂದನ್ನು ಕೊಳದ ನೀರಿನಲ್ಲಿ ಕಂಡು 2016ರಲ್ಲಿ ವರದಿಮಾಡಿದರು. ಬ್ಯಾಕ್ಟೀರಿಯಾಕ್ಕೆ ಈಗ ಅತ್ತ ದರಿ, ಇತ್ತ ಪುಲಿ: ಪಂಪನ್ನು ಉಳಿಸಿಕೊಂಡರೆ ಫೇಜಿಗೆ ಬಲಿ, ಕೆಡಿಸಿಕೊಂಡರೆ ಔಷಧಕ್ಕೆ ಬಲಿ. ಎದೆಯ ಮಹಾಧಮನಿಗೆ ಕೃತಕ ನಾಳವನ್ನು ಜೋಡಿಸಿಕೊಂಡಿದ್ದ, ಆ ನಾಳದ ಮೇಲೆಯೇ ಸ್ಯೂಡೋಮೊನಾಸ್ ನೆಲಸಿ ವರ್ಷಾನುಗಟ್ಟಲೆ ಔಷಧದಿಂದ ಅದನ್ನು ಅದುಮಿ ಹಿಡಿದಿದ್ದ ವೃದ್ಧ ವೈದ್ಯರೊಬ್ಬರಿಗೆ, 2016ರ ಜನವರಿಯಲ್ಲಿ ಈ ಫೇಜನ್ನು ಸೆಫ್ಟಾಜಿಡೈಮ್ ಎಂಬ ಪ್ರತಿಜೈವಿಕದೊಡನೆ ಒಂದೇ ಒಂದು ಸಲ ಕೊಡಲಾಯಿತು. ಕೆಲವು ವಾರಗಳ ಮೇಲೆ ರಕ್ತಸ್ರಾವವಾಗಿ ಮತ್ತೆ ಶಸ್ತ್ರಚಿಕಿತ್ಸೆ ನಡೆದಾಗ ತೆಗೆದ ನಾಳದ ತುಣುಕಿನಲ್ಲಿ ಸ್ಯೂಡೋಮೊನಾಸ್ ಬೆಳೆಯಲಿಲ್ಲ. ಔಷಧವನ್ನು ನಿಲ್ಲಿಸಿದ ಮೇಲೆಯೂ ಅದು ಮರುಕಳಿಸಲಿಲ್ಲ.

ಯಾವ ಫೇಜನ್ನು ಯಾವ ಔಷಧದೊಡನೆ ಬೆರೆಸಿದರೂ ಒಳಿತೇ ಆಗುವುದೆಂದು ತಿಳಿದರೆ, ವ್ಯಾಪಾರಿಗಳು ಹಿಂದೆ ಮಾಡಿದ ಪ್ರಮಾದವನ್ನೇ ಮಾಡಿದಂತಾದೀತು. ಬ್ಯಾಕ್ಟೀರಿಯಾದ ಪ್ರೋಟೀನು ತಯಾರಿಕೆಯನ್ನು ನಿಲ್ಲಿಸುವ ಔಷಧಗಳು ಕೆಲವು ಸಂದರ್ಭಗಳಲ್ಲಿ ಫೇಜಿನ ವೃದ್ಧಿಯನ್ನೂ ನಿಲ್ಲಿಸಿಬಿಡುತ್ತವೆ. ಏಕೆಂದರೆ ಫೇಜು ತನ್ನ ಸಂತಾನವನ್ನು ಕಟ್ಟುವುದು ಆ ತಯಾರಿಕೆಯ ಯಂತ್ರಗಳಿಂದಲೇ. ಫೇಜು ಮುಂದೋ ಔಷಧ ಮುಂದೋ ಎಂಬ ಅನುಕ್ರಮದಿಂದಲೂ ಫಲವು ಬದಲಾಗುತ್ತದೆ. ಆದುದರಿಂದ ಪ್ರತಿಯೊಂದು ಜೋಡಿಯನ್ನೂ ಆಯಾ ರೋಗಿಯ ಬ್ಯಾಕ್ಟೀರಿಯಾದ ಮೇಲೆಯೇ ಒರೆಹಚ್ಚಿ ನೋಡತಕ್ಕದ್ದು.

ಅಂಥ ತಾಳ್ಮೆಯ ಕೆಲಸಕ್ಕೆ ಬೆಲ್ಜಿಯಂ ದೇಶದ ಉದಾಹರಣೆಯನ್ನು ನಾನು ಆದರದಿಂದ ನೆನೆಯುತ್ತೇನೆ. 2016ರ ಮಾರ್ಚ್ 22ರಂದು ಬ್ರಸೆಲ್ಸ್ ನಗರದ ವಿಮಾನನಿಲ್ದಾಣದಲ್ಲಿ ಸಿಡಿದ ಬಾಂಬುಗಳಿಂದ ಗಾಯಗೊಂಡ 30 ವರ್ಷದ ಮಹಿಳೆಯೊಬ್ಬಳ ತೊಡೆಯ ಮೂಳೆಯ ಮುರಿತದಲ್ಲಿ, ಯಾವ ಔಷಧಕ್ಕೂ ಸರಿಯಾಗಿ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿತು. 700 ದಿನಗಳಿಗೂ ಮೀರಿ ಔಷಧ ಕೊಟ್ಟರೂ ಗಾಯವು ಮಾಯಲಿಲ್ಲ. ಅವಳ ಬ್ಯಾಕ್ಟೀರಿಯಾಕ್ಕೆ ಹೊಂದುವ ಫೇಜನ್ನು ಒದಗಿಸಿದ್ದು, ಎಲಿಯಾವಾ ಅವರ ಹೆಸರನ್ನು ಇಂದು ಹೊತ್ತಿರುವ ಟಿಬಿಲಿಸಿಯ ಅದೇ ಸಂಸ್ಥೆ. ಚರಂಡಿಯ ನೀರಿನಿಂದ ಬೇರ್ಪಡಿಸಿದ ಆ ಫೇಜನ್ನು ಅವಳ ಬ್ಯಾಕ್ಟೀರಿಯಾದ ಮೇಲೆಯೇ ತಲೆಮಾರುಗಳ ಕಾಲ ಬೆಳೆಸಿ, ಹೆಚ್ಚು ಬಲವುಳ್ಳ ಮರಿಗಳನ್ನು ಆರಿಸುತ್ತ ಪಳಗಿಸಿದರು. ಅನಂತರ ಗಾಯಕ್ಕೆ ಅದನ್ನು ಹರಿಸಿ, ಜೊತೆಯಲ್ಲಿಯೇ ಪ್ರತಿಜೈವಿಕಗಳನ್ನು ಕೊಟ್ಟರು. ವರ್ಷಗಳಿಂದ ಕೂಡದಿದ್ದ ಮೂಳೆಯು ಕೂಡಿತು. ಮೂರು ವರ್ಷಗಳ ಮೇಲೆ ಆಕೆ ಊರೆಗೋಲಿನ ನೆರವಿನಿಂದ ನಡೆದಾಡುತ್ತಿದ್ದಳು, ಸೈಕಲ್ ಸವಾರಿಯ ಕ್ರೀಡೆಗಳಲ್ಲಿಯೂ ಪಾಲ್ಗೊಳ್ಳುತ್ತಿದ್ದಳು.

ಬ್ರಸೆಲ್ಸಿನ ರಾಣಿ ಆಸ್ಟ್ರಿಡ್ ಸೈನಿಕ ಆಸ್ಪತ್ರೆಯ ನೇತೃತ್ವದಲ್ಲಿ 2008ರಿಂದ 2022ರವರೆಗೆ 12 ದೇಶಗಳ 35 ಆಸ್ಪತ್ರೆಗಳಲ್ಲಿ ಹೀಗೆ ಫೇಜಿನ ಚಿಕಿತ್ಸೆ ಪಡೆದ ಮೊದಲ 100 ರೋಗಿಗಳ ವೃತ್ತಾಂತವು 2024ರಲ್ಲಿ ಪ್ರಕಟವಾಯಿತು. ಒಬ್ಬರನ್ನೂ ಬಿಡದೆ, ಗೆದ್ದ ಪ್ರಕರಣಗಳ ಜೊತೆಗೆ ಸೋತವನ್ನೂ ಲೆಕ್ಕಕ್ಕೆ ಹಿಡಿದಿರುವುದು ಈ ವೃತ್ತಾಂತದ ಹಿರಿಮೆ. ರೋಗವು ಇಳಿಮುಖವಾದ ಪ್ರಕರಣಗಳು ಶೇಕಡಾ 77.2, ರೋಗಾಣುವು ನಿರ್ಮೂಲವಾದವು ಶೇಕಡಾ 61.3, ಪ್ರತಿಜೈವಿಕದ ಜೊತೆಯಿಲ್ಲದೆ ಫೇಜನ್ನೊಂದನ್ನೇ ಕೊಟ್ಟಲ್ಲಿ ಆ ನಿರ್ಮೂಲನದ ಸಂಭವವು ಶೇಕಡಾ 70ರಷ್ಟು ತಗ್ಗಿದ್ದಿತು. ಪರೀಕ್ಷಿಸಿ ನೋಡಿದ 16 ರೋಗಿಗಳ ಪೈಕಿ 7 ಮಂದಿಯಲ್ಲಿ ಫೇಜಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಚಿಕಿತ್ಸೆಯ ನಡುವೆ ತಲೆಯೆತ್ತಿದುವು. ಆದರೆ ಹಾಗೆ ತಲೆಯೆತ್ತಿದವುಗಳಲ್ಲಿ ರೋಗಬಲವು ಕುಗ್ಗಿ, ಹಿಂದೆ ಸೋಲಿಸಿದ್ದ ಔಷಧಗಳಿಗೆ ಮರಳಿ ಬಗ್ಗುವಂತಾದ ತಳಿಗಳನ್ನು ವೈದ್ಯರು ಕಂಡರು. ಸ್ಮಿತ್ ಅವರ ಇಲಿಗಳಲ್ಲಿಯೂ ಚಾನ್ ಅವರ ಸೀಸೆಗಳಲ್ಲಿಯೂ ಕಂಡ ತೆರಿಗೆಯನ್ನು ಮನುಷ್ಯನ ದೇಹದೊಳಗೆ ನೆಲಸಿದ ಬ್ಯಾಕ್ಟೀರಿಯಾಗಳೂ ತೆತ್ತಿದ್ದುವು.